ಸಂಸದರಿಗೆ ಸೂಚ್ಯಂಕ, ಸುರಪುರದ ಆಯಿಗೆ ಇನ್ನೂರು

2025ರ ಮಾರ್ಚ್ 24ರಂದು ಕೇಂದ್ರ ಸರ್ಕಾರ ಒಂದು ಅಧಿಸೂಚನೆ ಹೊರಡಿಸಿತು. ಸಂಸದರ ತಿಂಗಳ ವೇತನ 1 ಲಕ್ಷದಿಂದ 1.24 ಲಕ್ಷ ರೂಪಾಯಿಗೆ ಏರಿತು. ಮಾಜಿಗಳ ಪಿಂಚಣಿ 25 ಸಾವಿರ ಇದ್ದದ್ದು 31 ಸಾವಿರವಾಯಿತು. ಅದೂ 2023ರ ಏಪ್ರಿಲ್ 1ರಿಂದ ಪೂರ್ವಾನ್ವಯ. ಇದಕ್ಕಾಗಿ ಯಾರೂ ಧರಣಿ ಕೂರಲಿಲ್ಲ, ಮನವಿ ಪತ್ರ ಹಿಡಿದು ಬಾಗಿಲು ಕಾಯಲಿಲ್ಲ. ಸದನದಲ್ಲಿ ಚರ್ಚೆಯ ಅಗತ್ಯವೂ ಬೀಳಲಿಲ್ಲ. ಏಕೆಂದರೆ 2018ರಲ್ಲೇ ಕಾನೂನು ಮಾಡಿಟ್ಟುಕೊಂಡಿದ್ದಾರೆ: ಆದಾಯ ತೆರಿಗೆ ಲೆಕ್ಕದಲ್ಲಿ ಬಳಸುವ ವೆಚ್ಚ ಹಣದುಬ್ಬರ ಸೂಚ್ಯಂಕ ಎಷ್ಟು ಏರಿದೆಯೋ ಅಷ್ಟು ವೇತನ ಐದು ವರ್ಷಕ್ಕೊಮ್ಮೆ ತಾನಾಗಿಯೇ ಏರಬೇಕು. ಆ ಸೂಚ್ಯಂಕ 2018-19ರಲ್ಲಿ 280, 2023-24ರಲ್ಲಿ 348. ಭಾಗಿಸಿ ನೋಡಿ, 1.24 ಬರುತ್ತದೆ.

ಈ ಏರಿಕೆಗೆ ನನ್ನ ತಕರಾರಿಲ್ಲ. ಬೆಲೆ ಏರಿದ ಮೇಲೆ ಪಗಾರ ಏರಬೇಕಾದದ್ದೇ. ಅದೇ ಸೂಚ್ಯಂಕವನ್ನು ಸುರಪುರದ ಅಂಚೆ ಕಚೇರಿಯ ಕಟಕಟೆಗೂ ತನ್ನಿ ಎನ್ನುವುದಷ್ಟೇ ನನ್ನ ಮಾತು.

ಇಂದಿರಾ ಗಾಂಧಿ ರಾಷ್ಟ್ರೀಯ ವೃದ್ಧಾಪ್ಯ ವೇತನ ಯೋಜನೆಯಲ್ಲಿ 60ರಿಂದ 79 ವರ್ಷದವರಿಗೆ ಕೇಂದ್ರ ಕೊಡುವ ಪಾಲು ತಿಂಗಳಿಗೆ 200 ರೂಪಾಯಿ. 2007ರಲ್ಲೂ 200, 2025ರಲ್ಲೂ 200. ಸಂಸದರಿಗೆ ಅನ್ವಯವಾಗುವ ಆ ಸೂಚ್ಯಂಕವೇ 2007-08ರಲ್ಲಿ 129 ಇತ್ತು, 2025-26ಕ್ಕೆ 376 ಆಗಿದೆ. ಅವರ ಲೆಕ್ಕವನ್ನೇ ಹಿಡಿದರೂ ಈ 200 ಇವತ್ತು 580 ದಾಟಿರಬೇಕಿತ್ತು. ತಿರುಗಿಸಿ ಹೇಳುವುದಾದರೆ, ಇಂದಿನ 200ಕ್ಕೆ 2007ರ 69 ರೂಪಾಯಿಯ ತೂಕವಷ್ಟೇ ಉಳಿದಿದೆ. 1995ರ ಆಗಸ್ಟ್ 15ರಂದು ನರಸಿಂಹ ರಾವ್ ಸರ್ಕಾರ ರಾಷ್ಟ್ರೀಯ ಸಾಮಾಜಿಕ ನೆರವು ಕಾರ್ಯಕ್ರಮ ಶುರು ಮಾಡಿದಾಗ ಕೊಟ್ಟದ್ದು 75 ರೂಪಾಯಿ. ಅಂದರೆ ಮೂರು ದಶಕ ಕಳೆದ ಮೇಲೆ ಕೇಂದ್ರದ ಪಾಲಿನ ಬೆಲೆ ಹೊರಟ ಜಾಗಕ್ಕಿಂತ ಕೆಳಗಿದೆ.

2017ರ ಡಿಸೆಂಬರ್‌ನಲ್ಲಿ ಜಾನ್ ದ್ರೇಜ್ ಸೇರಿದಂತೆ 60 ಮಂದಿ ಅರ್ಥಶಾಸ್ತ್ರಜ್ಞರು ಹಣಕಾಸು ಸಚಿವ ಅರುಣ್ ಜೇಟ್ಲಿ ಅವರಿಗೆ ಪತ್ರ ಬರೆದು, ಈ 200 ಅನ್ನು 500ಕ್ಕಾದರೂ ಏರಿಸಿ ಎಂದು ಕೇಳಿದ್ದರು. ಎರಡು ತಿಂಗಳೊಳಗೆ ಅದೇ ಜೇಟ್ಲಿ ಬಜೆಟ್ ಮಂಡಿಸಿದರು. ಅದರಲ್ಲಿ ವೇತನ ತಾನಾಗಿಯೇ ಏರುವ ವ್ಯವಸ್ಥೆ ಬಂತು, ಸಂಸದರಿಗೆ! 2018ರ ಡಿಸೆಂಬರ್ 13ರಂದು ಅಶ್ವನಿ ಕುಮಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಹಿರಿಯರ ಪಿಂಚಣಿ ಯೋಜನೆಗಳನ್ನು ಮತ್ತೊಮ್ಮೆ ಪರಾಮರ್ಶಿಸಿ ಎಂದಿತು. ಗ್ರಾಮೀಣಾಭಿವೃದ್ಧಿಯ ಸಂಸದೀಯ ಸ್ಥಾಯಿ ಸಮಿತಿ, ಅಧ್ಯಕ್ಷರು ಯಾವ ಪಕ್ಷದವರೇ ಇರಲಿ, ಈ ಮೊತ್ತ ಸಾಲದು ಎಂದು ವರದಿಯ ಮೇಲೆ ವರದಿ ಕೊಡುತ್ತಲೇ ಬಂದಿದೆ. ಸದನದಲ್ಲಿ ಸದಸ್ಯರು ಪ್ರಶ್ನೆ ಕೇಳುತ್ತಾರೆ. ಬರುವ ಉತ್ತರದ ಒಕ್ಕಣೆ ಬದಲಾಗುವುದೇ ಇಲ್ಲ: ಹೆಚ್ಚಿಸುವ ಪ್ರಸ್ತಾವ ಸದ್ಯಕ್ಕಿಲ್ಲ, ರಾಜ್ಯಗಳು ತಮ್ಮ ಪಾಲು ಸೇರಿಸುವಂತೆ ಪ್ರೋತ್ಸಾಹಿಸಲಾಗುತ್ತಿದೆ.

ಈ ಉತ್ತರ ನಮ್ಮ ಕಡೆ ಬಂದು ತಲುಪುವಾಗ ಹೇಗಿರುತ್ತದೆ, ನೋಡಬೇಕು.

ಯಾದಗಿರಿ, ಶಹಾಪುರ, ಸುರಪುರ ಈ ಮೂರನ್ನೂ 2002ರಲ್ಲಿ ನಂಜುಂಡಪ್ಪ ಸಮಿತಿ 'ಅತ್ಯಂತ ಹಿಂದುಳಿದ' ತಾಲ್ಲೂಕುಗಳ ಪಟ್ಟಿಗೆ ಸೇರಿಸಿತ್ತು. 2009ರ ಕೊನೆಗೆ ಇವೇ ಸೇರಿ ಯಾದಗಿರಿ ಜಿಲ್ಲೆಯಾದವು. 2011ರ ಜನಗಣತಿಯಲ್ಲಿ ಜಿಲ್ಲೆಯ ಸಾಕ್ಷರತೆ ಶೇ 52ರ ಆಸುಪಾಸು, ರಾಜ್ಯಕ್ಕೇ ಕೊನೆ. ನಾರಾಯಣಪುರ ಎಡದಂಡೆ ಕಾಲುವೆಯ ನೀರು ಹರಿದ ಕಡೆ ಭತ್ತ ಹಸಿರಾಗಿದೆ ನಿಜ. ಆದರೆ ಕಾಲುವೆ ಮುಟ್ಟದ ಹಳ್ಳಿಗಳಲ್ಲೂ ತಾಂಡಾಗಳಲ್ಲೂ ಹತ್ತಿ, ತೊಗರಿ ರಾಶಿ ಮುಗಿಯುವುದೇ ತಡ, ದುಡಿಯುವ ಕೈಗಳೆಲ್ಲ ಬೆಂಗಳೂರು, ಪುಣೆ, ಮುಂಬೈಗೆ ಗುಳೆ ಹೋಗುತ್ತವೆ. ಊರಲ್ಲಿ ಉಳಿಯುವವರು ಆಯಿ, ಮುತ್ಯಾ ಮತ್ತು ಶಾಲೆಗೆ ಹೋಗುವ ಮೊಮ್ಮಕ್ಕಳು. ಮಗ ದುಡ್ಡು ಕಳಿಸುವ ತನಕ ಆ ಮನೆಯ ಒಲೆ ಉರಿಯುವುದು ಮುದುಕರ ಪಗಾರದ ಮೇಲೆಯೇ. 'ಮಕ್ಕಳಿದ್ದಾರಲ್ಲ, ನೋಡಿಕೊಳ್ಳಲಿ' ಎಂದು ಕಚೇರಿಯಲ್ಲಿ ಕೂತು ಹೇಳುವವರಿಗೆ, ಇಲ್ಲಿ ಮಕ್ಕಳನ್ನು ನೋಡಿಕೊಳ್ಳುತ್ತಿರುವವರೇ ಮುದುಕರು ಎಂಬುದು ಗೊತ್ತಿಲ್ಲ.

ಆ ಪಗಾರಕ್ಕಾಗಿ ನಾಡ ಕಚೇರಿಗೆ ಅರ್ಜಿ ಹಾಕಬೇಕು. ಆದಾಯ ಪ್ರಮಾಣಪತ್ರದಲ್ಲಿ ವರ್ಷದ ಆದಾಯ 32 ಸಾವಿರ ದಾಟಿರಬಾರದು. 2025-26ರಲ್ಲಿ ಕರ್ನಾಟಕದಲ್ಲಿ ಉದ್ಯೋಗ ಖಾತ್ರಿಯ ದಿನಗೂಲಿ 370 ರೂಪಾಯಿ ಇತ್ತು. ಸರ್ಕಾರವೇ ಆಗ ಖಾತ್ರಿ ಕೊಟ್ಟಿದ್ದ 100 ದಿನ ಬುಟ್ಟಿ ಹೊತ್ತರೆ 37 ಸಾವಿರ ಆಗುತ್ತಿತ್ತು. ಅಂದರೆ ಒಂದು ಇಲಾಖೆ ಕೊಟ್ಟ ಕೆಲಸವನ್ನು ಪೂರ್ತಿ ಮಾಡಿದ ವಿಧವೆ ಇನ್ನೊಂದು ಇಲಾಖೆಯ ಕಣ್ಣಿಗೆ ಶ್ರೀಮಂತೆ. ಇಷ್ಟೆಲ್ಲ ಆಗಿ ಮಂಜೂರಾತಿ ಸಿಕ್ಕಿದರೆ ಮುಂದೆ ಆಧಾರ್ ಜೋಡಣೆ, ಸವೆದ ಬೆರಳಿನ ಗುರುತು ಕೂಡದ ಯಂತ್ರ, 'ಪಗಾರ ಬಂದದೇನ್ರಿ ಯಪ್ಪಾ?' ಎಂಬ ವಿಚಾರಣೆ. ವಿಚಾರಿಸಲು ಹೋಗಿಬರುವ ಬಸ್ಸಿನಲ್ಲಿ 2023ರಿಂದ ಆಯಿಗೆ ಟಿಕೆಟ್ ಇಲ್ಲ, ಜತೆಗೆ ಬಂದ ಮುತ್ಯಾನಿಗೆ ಇದೆ!

ರಾಜ್ಯ ಸರ್ಕಾರ ಇಲ್ಲಿ ಎದೆ ತಟ್ಟಿಕೊಳ್ಳಬಹುದು. ಕೇಂದ್ರದ ಹಣಕ್ಕೆ ತನ್ನ ಪಾಲು ಸೇರಿಸಿ 65 ದಾಟಿದವರಿಗೆ 1,200, ವಿಧವೆಯರಿಗೆ 800 ಕೊಡುತ್ತದೆ. 2007ರಲ್ಲಿ ಶುರುವಾದ ಸಂಧ್ಯಾ ಸುರಕ್ಷಾ ವೃದ್ಧಾಪ್ಯ ಪಿಂಚಣಿಗೆ ಪೂರ್ತಿಯಾಗಿ ರಾಜ್ಯದ್ದೇ ಹಣ. ಆದರೆ ಈ 1,200 ಆಗಿದ್ದು 2021ರ ಜುಲೈನಲ್ಲಿ, ಬಸವರಾಜ ಬೊಮ್ಮಾಯಿ ಮುಖ್ಯಮಂತ್ರಿಯಾಗಿ ಪ್ರಮಾಣ ವಚನ ಸ್ವೀಕರಿಸಿದ ದಿನದ ಘೋಷಣೆಯಲ್ಲಿ. ಆಮೇಲೆ ಸರ್ಕಾರವೇ ಬದಲಾಯಿತು, ನಾಲ್ಕು ವರ್ಷ ಬಜೆಟ್ ಓದಿದ್ದಾಯಿತು, 1,200 ಮಾತ್ರ ಕದಲಲಿಲ್ಲ. ಕದಲಿದ್ದು ಬೇರೆ. 2025ರ ಮಾರ್ಚ್ 21ರಂದು ವಿಧಾನಸಭೆಯಲ್ಲಿ ಗದ್ದಲವೋ ಗದ್ದಲ. ಬಿಜೆಪಿಯ 18 ಶಾಸಕರು ಅಮಾನತಾದ ಆ ದಿನವೇ ಶಾಸಕರ ವೇತನ 40 ಸಾವಿರದಿಂದ 80 ಸಾವಿರಕ್ಕೆ, ಮುಖ್ಯಮಂತ್ರಿಯದ್ದು 75 ಸಾವಿರದಿಂದ ಒಂದೂವರೆ ಲಕ್ಷಕ್ಕೆ ಏರಿಸುವ ಮಸೂದೆಗಳು ಚರ್ಚೆಯಿಲ್ಲದೆ ಪಾಸಾದವು. ಆ ಗದ್ದಲದಲ್ಲೂ ಇದೊಂದಕ್ಕೆ ಯಾರೂ ಅಡ್ಡ ಬರಲಿಲ್ಲ.

ಗೃಹಲಕ್ಷ್ಮಿಯ 2,000 ಇದೆಯಲ್ಲ ಎನ್ನುವವರಿದ್ದಾರೆ. ಅದು ಬಹಳ ಮನೆಗಳನ್ನು ಎತ್ತಿ ಹಿಡಿದಿದೆ, ಅದನ್ನು 'ಬಿಟ್ಟಿ' ಎಂದು ಹಂಗಿಸುವವರ ಸಾಲಿನಲ್ಲಿ ನಾನಿಲ್ಲ. ಆದರೆ ಅದು ಪಡಿತರ ಚೀಟಿಗೆ ಒಬ್ಬಳೇ ಯಜಮಾನಿಗೆ ಸಿಗುವ ಹಣ. ಒಂಟಿ ಮುತ್ಯಾನಿಗೆ ಅದರಲ್ಲಿ ಪಾಲಿಲ್ಲ. ಮೇಲಾಗಿ ಅದೂ ಸರ್ಕಾರದ ಕೈಯಲ್ಲಿ ದುಡ್ಡಿದ್ದಾಗ ಬರುವ ಹಣ. 2025ರ ಡಿಸೆಂಬರ್‌ನ ಬೆಳಗಾವಿ ಅಧಿವೇಶನದಲ್ಲಿ ಆ ವರ್ಷದ ಫೆಬ್ರುವರಿ, ಮಾರ್ಚ್ ಕಂತು ಎಲ್ಲಿ ಎಂಬ ಪ್ರಶ್ನೆ ಎದ್ದು, ಸಚಿವೆ ಲಕ್ಷ್ಮೀ ಹೆಬ್ಬಾಳಕರ ಸದನದಲ್ಲಿ ವಿಷಾದ ವ್ಯಕ್ತಪಡಿಸಬೇಕಾಯಿತು. ಶಾಸಕರ ವೇತನದ ಎರಡು ಕಂತು ಎಲ್ಲಿ ಹೋಯಿತು ಎಂದು ಹುಡುಕುವ ಪ್ರಸಂಗ ಎಂದಾದರೂ ಬಂದಿದೆಯೆ?

ಗುರುಮಠಕಲ್ ದಾಟಿದರೆ ತೆಲಂಗಾಣ. ಗಡಿಯ ಆಚೆ ಈಚೆ ಬೀಗತನ ಉಂಟು, ಸಂತೆ ಉಂಟು. ಆಚೆಯ ವೃದ್ಧಾಪ್ಯ ಪಿಂಚಣಿ 2,016 ರೂಪಾಯಿ. ಅದನ್ನು 4,000 ಮಾಡುತ್ತೇವೆಂದು 2023ರ ಚುನಾವಣೆಯಲ್ಲಿ ಅಲ್ಲಿಯ ಕಾಂಗ್ರೆಸ್ ಮಾತು ಕೊಟ್ಟದ್ದು ಬೇರೆ ಕಥೆ. ಆಂಧ್ರದಲ್ಲಿ 2024ರ ಜುಲೈನಿಂದ 4,000 ಸಿಗುತ್ತಿದೆ, ಅದೂ ಚುನಾವಣೆ ಗೆದ್ದ ಕೂಡಲೇ. ಬಿಹಾರದಲ್ಲಿ ವರ್ಷಾನುಗಟ್ಟಲೆ 400 ಇದ್ದದ್ದು 2025ರ ಜೂನ್‌ನಲ್ಲಿ ಒಮ್ಮೆಲೇ 1,100 ಆಯಿತು. ನವೆಂಬರ್‌ನಲ್ಲಿ ಅಲ್ಲಿ ಮತದಾನವಿತ್ತು. ಮುದುಕರ ಪಗಾರ ಏರುವುದು ಮತಪೆಟ್ಟಿಗೆಯ ಪಂಚಾಂಗ ನೋಡಿ, ಇಲ್ಲವೇ ಯಾರೋ ಪಟ್ಟಕ್ಕೇರಿದ ಖುಷಿಗೆ. ಆಳುವವರದ್ದು ಮಾತ್ರ ಸೂಚ್ಯಂಕ ನೋಡಿ. 'ಎಷ್ಟು ಕೊಟ್ಟರೆ ಸಾಕು' ಎಂಬ ಚರ್ಚೆ ನಡೆಯಲಿ, ಬೇಡವೆನ್ನುವುದಿಲ್ಲ. ಅದಕ್ಕೂ ಮೊದಲು ಇತ್ಯರ್ಥವಾಗಬೇಕಾದದ್ದು ಈ ಭೇದ.

ಹಣವೆಲ್ಲಿದೆ ಎಂಬ ಪ್ರಶ್ನೆ ಖಂಡಿತ ಬರುತ್ತದೆ. 2025-26ರ ಕೇಂದ್ರ ಬಜೆಟ್ ಗಾತ್ರ 50.65 ಲಕ್ಷ ಕೋಟಿ ರೂಪಾಯಿ. ಅದರಲ್ಲಿ ವೃದ್ಧರು, ವಿಧವೆಯರು, ಅಂಗವಿಕಲರಿಗೆಲ್ಲ ಸೇರಿ ಈ ನೆರವು ಕಾರ್ಯಕ್ರಮಕ್ಕೆ ಇಟ್ಟದ್ದು 9,652 ಕೋಟಿ. ಹಿಂದಿನ ವರ್ಷವೂ ಇಟ್ಟದ್ದು ಅಷ್ಟೇ. ನೂರು ರೂಪಾಯಿಯಲ್ಲಿ 20 ಪೈಸೆಯೂ ಅಲ್ಲ. ಮೂರು ಪಟ್ಟು ಮಾಡಿದರೂ 60 ಪೈಸೆಯ ಒಳಗೇ ಮುಗಿಯುತ್ತದೆ.

ಬಿಜೆಪಿಯನ್ನು ಮಾತ್ರ ಬೈದು ಕೈತೊಳೆದುಕೊಳ್ಳಲು ಕಾಂಗ್ರೆಸ್ಸಿಗರಿಗೆ ಅವಕಾಶವಿಲ್ಲ. ಯುಪಿಎ ಸರ್ಕಾರ 2011ರಲ್ಲಿ ವಯಸ್ಸಿನ ಮಿತಿಯನ್ನು 65ರಿಂದ 60ಕ್ಕೆ ಇಳಿಸಿತು, 80 ದಾಟಿದವರಿಗೆ 500 ಮಾಡಿತು, ಮರುವರ್ಷ ವಿಧವೆಯರಿಗೆ 300 ಕೊಟ್ಟಿತು. ಒಪ್ಪೋಣ. ಉಳಿದವರ 200 ಅನ್ನು ಮುಟ್ಟದೆ ಬಿಟ್ಟದ್ದೂ ಅದೇ ಸರ್ಕಾರ. ಮೂರು ದಶಕಕ್ಕೂ ಹೆಚ್ಚು ಕಾಲ ಗುರುಮಠಕಲ್ ಶಾಸಕರಾಗಿದ್ದ ಮಲ್ಲಿಕಾರ್ಜುನ ಖರ್ಗೆ ಆಗ ಕೇಂದ್ರ ಸಂಪುಟದಲ್ಲಿದ್ದರು. ಅಲ್ಲಿಂದೀಚೆಗೆ ಬಂದ ಮೋದಿ ಸರ್ಕಾರ ಒಂದು ರೂಪಾಯಿಯನ್ನೂ ಸೇರಿಸಿಲ್ಲ.

ಯಾದಗಿರಿ, ಶಹಾಪುರ, ಸುರಪುರ ಮೂರೂ ರಾಯಚೂರು ಲೋಕಸಭಾ ಕ್ಷೇತ್ರಕ್ಕೆ ಸೇರಿವೆ. ಸಂಸದ ಜಿ. ಕುಮಾರ ನಾಯಕ ಐಎಎಸ್ ಅಧಿಕಾರಿಯಾಗಿದ್ದವರು, ಕಡತ ಹೇಗೆ ನಡೆಯುತ್ತದೆ, ಎಲ್ಲಿ ನಿಲ್ಲುತ್ತದೆ ಎಂಬುದನ್ನು ಅವರಿಗೆ ಯಾರೂ ಹೇಳಿಕೊಡಬೇಕಿಲ್ಲ. ಶುಕ್ರವಾರ ಅವರು ತರಬಹುದಾದ ಖಾಸಗಿ ಸದಸ್ಯರ ಮಸೂದೆಗೆ ಹೊಸ ಭಾಷೆಯನ್ನು ಹುಡುಕುವ ಶ್ರಮವೂ ಬೇಡ. 2018ರಲ್ಲಿ ತಮಗಾಗಿ ಬರೆದುಕೊಂಡ ಕಲಮನ್ನೇ ನಕಲು ಮಾಡಿ, 'ಸಂಸದ' ಎಂದಿರುವ ಕಡೆ 'ಪಿಂಚಣಿದಾರ' ಎಂದು ಬರೆದರೆ ಸಾಕು. ಸಂಸದರ ಮುಂದಿನ ಏರಿಕೆ 2028ರ ಏಪ್ರಿಲ್ 1ಕ್ಕೆ ಬರಬೇಕು. ಎರಡೂ ಒಂದೇ ಅಧಿಸೂಚನೆಯಲ್ಲಿ ಬರಲಿ.