ಗಳಿಕೆಗೆ ಮೊದಲೇ ಬಾಡಿಗೆ ಏಕೆ?

ಕಳೆದ ರಜೆಯಲ್ಲಿ ಅಪ್ಪನಿಗಾಗಿ ಒಂದು ಚಿಕ್ಕ ಆ್ಯಪ್ ಮಾಡಿದೆ. ಬೆಳಿಗ್ಗೆ, ಸಂಜೆ ಡೇರಿಗೆ ಹಾಕಿದ ಹಾಲು ಎಷ್ಟು ಲೀಟರ್, ಫ್ಯಾಟ್ ಎಷ್ಟು ಬಂತು ಎಂದು ಬರೆದಿಟ್ಟರೆ, ಬಟವಾಡೆಯ ದಿನ ಎಷ್ಟು ಹಣ ಬರಬೇಕೆಂದು ಅದು ಹೇಳುತ್ತದೆ. ಅದಕ್ಕೆ ದುಡ್ಡಿಲ್ಲ, ಅದರಲ್ಲಿ ಜಾಹೀರಾತೂ ಇಲ್ಲ. ನೋಡಿದ ಅಕ್ಕಪಕ್ಕದವರು ತಮಗೂ ಬೇಕೆಂದರು.

ಗೂಗಲ್ ಪ್ಲೇ ಸ್ಟೋರ್‌ಗೆ ಡೆವಲಪರ್ ಆಗಿ ಸೇರಲು 25 ಡಾಲರ್, ಅಂದರೆ ಎರಡು ಸಾವಿರ ರೂಪಾಯಿಗೂ ಮೇಲೆ. ಒಮ್ಮೆ ಕಟ್ಟಿದರೆ ಮುಗಿಯಿತು. ಹೊಸದಾಗಿ ವೈಯಕ್ತಿಕ ಖಾತೆ ತೆರೆಯುವವರು ಕನಿಷ್ಠ 12 ಮಂದಿಯಿಂದ ಸತತ 14 ದಿನ ಆ್ಯಪ್‌ನ ಪರೀಕ್ಷೆ ಮಾಡಿಸಬೇಕು. ನನ್ನ ಪರೀಕ್ಷಕರೆಲ್ಲ ಡೇರಿ ಮುಂದೆ ಕ್ಯಾನ್ ಹಿಡಿದು ನಿಲ್ಲುವವರೇ.

ಒಂದು ದಿನ ಪಕ್ಕದ ಮನೆಯ ಚಿಕ್ಕಮ್ಮ, ಮಗ ಕೊಟ್ಟ ಹಳೇ ಐಫೋನ್ ತಂದು ‘ನನಗೂ ಹಾಕಿಕೊಡಪ್ಪ’ ಎಂದರು. ಆಗ ಲೆಕ್ಕಕ್ಕೆ ಕೂತೆ.

ಆ್ಯಪಲ್‌ನ ಡೆವಲಪರ್ ಸದಸ್ಯತ್ವಕ್ಕೆ ವರ್ಷಕ್ಕೆ 99 ಡಾಲರ್. ನಮ್ಮ ಹಣದಲ್ಲಿ ಎಂಟು ಸಾವಿರ ರೂಪಾಯಿಗೂ ಹೆಚ್ಚು. ಮ್ಯಾಕ್ ಕಂಪ್ಯೂಟರಿನ ಖರ್ಚು ಬೇರೆ. ಉಚಿತ ಖಾತೆಯಿಂದಲೂ ಆ್ಯಪ್ ಮಾಡಿ ನಮ್ಮದೇ ಫೋನಿಗೆ ಹಾಕಿ ನೋಡಬಹುದು. ಆದರೆ ಅದರ ಅವಧಿ ಏಳೇ ದಿನ. ಹಣ ಕಟ್ಟಿದವರೂ ಮರುವರ್ಷ ನವೀಕರಿಸದಿದ್ದರೆ ಆ್ಯಪ್ ಸ್ಟೋರ್‌ನಿಂದ ಇಳಿಯುತ್ತದೆ. ಮೊದಲೇ ಹಾಕಿಕೊಂಡವರ ಫೋನಿನಲ್ಲಿ ಉಳಿದರೂ ಹೊಸಬರಿಗೆ ಸಿಗದು, ದೋಷ ತಿದ್ದಿ ಕಳಿಸಲೂ ಆಗದು. ಕೆಲಸ ಹುಡುಕುವವರಿಗೆ ಇದು ಇನ್ನೊಂದು ಪೆಟ್ಟು: ರೆಸ್ಯೂಮೆಯಲ್ಲಿ ಹೆಮ್ಮೆಯಿಂದ ಕೊಟ್ಟ ಲಿಂಕ್ ತೆರೆಯುವುದೇ ಇಲ್ಲ.

ಆ್ಯಪನ್ನು ಹತ್ತು ರೂಪಾಯಿಗೆ ಮಾರೋಣವೆಂದುಕೊಳ್ಳಿ. ಸಣ್ಣ ಡೆವಲಪರ್‌ಗಳಿಗೆ 2021ರಿಂದ ಕಮಿಷನ್ ಶೇ 15ಕ್ಕೆ ಇಳಿದಿದೆ. ತೆರಿಗೆ ಬಿಟ್ಟರೂ ಕೈಗೆ ಬರುವುದು ಎಂಟೂವರೆ ರೂಪಾಯಿ. ವರ್ಷವರ್ಷವೂ ಸುಮಾರು ಸಾವಿರ ಹೊಸಬರು ಕೊಂಡರೆ ಸದಸ್ಯತ್ವದ ಹಣ ಮಾತ್ರ ಹುಟ್ಟುತ್ತದೆ. ಉಚಿತವಾಗಿ ಕೊಟ್ಟರೆ ಅದೂ ಇಲ್ಲ. ದೊಡ್ಡ ಕಂಪನಿಗೆ ಈ ಮೊತ್ತ ಒಂದು ಊಟದ ಬಿಲ್; ವಿದ್ಯಾರ್ಥಿಗೆ ಎರಡು ಮೂರು ತಿಂಗಳ ಮೆಸ್ ಖರ್ಚು.

ಶುಲ್ಕವೇ ಬೇಡ ಎಂದು ನಾನು ವಾದಿಸುವುದಿಲ್ಲ. ಆ್ಯಪ್ ಪರಿಶೀಲಿಸಲು ಜನ ಬೇಕು, ಸರ್ವರ್ ಬೇಕು. ಬಾಗಿಲು ಪೂರ್ತಿ ತೆರೆದಿಟ್ಟರೆ ಮೋಸದ ಆ್ಯಪ್‌ಗಳು ನುಗ್ಗುತ್ತವೆ ಎಂಬುದೂ ನಿಜ. ಆದರೆ ಮೋಸಗಾರನಿಗೆ ಎಂಟು ಸಾವಿರ ದೊಡ್ಡ ಮೊತ್ತವಲ್ಲ; ಅವನು ಅದನ್ನು ಬಂಡವಾಳವೆಂದು ಹಾಕುತ್ತಾನೆ. ಅವನನ್ನು ತಡೆಯುವುದು ಗುರುತಿನ ಚೀಟಿಯ ಪರಿಶೀಲನೆ ಮತ್ತು ಆ್ಯಪ್‌ನ ತಪಾಸಣೆ. ವಾರ್ಷಿಕ ಶುಲ್ಕ ತಡೆಯುವುದು ಗಳಿಕೆಯ ಆಸೆಯಿಲ್ಲದೆ ಕೆಲಸ ಮಾಡುವವನನ್ನು.

ಬೇರೆ ದಾರಿ ಇಲ್ಲವೆಂದೇನಲ್ಲ. ಮೈಕ್ರೋಸಾಫ್ಟ್ 2025ರಲ್ಲಿ ತನ್ನ ವಿಂಡೋಸ್ ಸ್ಟೋರ್‌ಗೆ ಸೇರುವ ವೈಯಕ್ತಿಕ ಡೆವಲಪರ್‌ಗಳ ಶುಲ್ಕವನ್ನೇ ತೆಗೆದುಹಾಕಿತು. ಆ್ಯಪ್‌ನಿಂದ ಆದಾಯ ಬರುವವರೆಗೆ ಸದಸ್ಯತ್ವ ಉಚಿತವಾಗಿರಲಿ, ಬಂದ ಮೇಲೆ ಅದರಲ್ಲೇ ಮುರಿದುಕೊಳ್ಳಲಿ. ಕಮಿಷನ್ ಹಿಡಿಯುವ ವ್ಯವಸ್ಥೆ ಹೇಗೂ ಇದೆಯಲ್ಲ!

ಅಲ್ಲಿಯವರೆಗೆ ನನ್ನಂಥವರಿಗೆ ಒಂದು ಮಾತು. ಸಾಲ ಮಾಡಿ ಸದಸ್ಯತ್ವ ಕೊಳ್ಳಬೇಡಿ. ಮೊದಲು ಬ್ರೌಸರ್‌ನಲ್ಲಿ ತೆರೆಯುವ ವೆಬ್ ಆ್ಯಪ್ ಮಾಡಿ. ಅದಕ್ಕೆ ಯಾವ ಸ್ಟೋರಿನ ಅನುಮತಿಯೂ ಬೇಡ. ಕೋಡ್ ಮುಕ್ತವಾಗಿಡಲು ಒಪ್ಪುವುದಾದರೆ ಆಂಡ್ರಾಯ್ಡ್‌ಗೆ ಎಫ್-ಡ್ರಾಯ್ಡ್ ಇದೆ, ಅಲ್ಲಿ ಶುಲ್ಕವಿಲ್ಲ. ಸಂದರ್ಶನದಲ್ಲಿ ತೋರಿಸಲು ಗಿಟ್‌ಹಬ್‌ನಲ್ಲಿರುವ ಕೋಡ್ ಸಾಕು.

ಚಿಕ್ಕಮ್ಮನಿಗೂ ವೆಬ್ ಆ್ಯಪ್ ಮಾಡಿ, ಅದರ ಗುರುತನ್ನು ಐಫೋನಿನ ಮುಖಪುಟಕ್ಕೆ ಸೇರಿಸಿಕೊಟ್ಟೆ. ಈಗ ಬಟವಾಡೆ ದಿನ ಅವರೂ ಲೆಕ್ಕ ತಾಳೆ ನೋಡುತ್ತಾರೆ.