ಬೆಳ್ಳಗಿರುವುದೆಲ್ಲ ಹಾಲಲ್ಲ

ಶ್ರಾವಣ ಬಂದಿತೆಂದರೆ ನಮ್ಮ ಗಡಿನಾಡಿನ ಮನೆಗಳಲ್ಲಿ ಪಂಚಮಿಯ ಸಂಭ್ರಮ ತುಂಬುತ್ತದೆ. ಎಳ್ಳುಂಡಿ, ಶೇಂಗಾ ಉಂಡಿ, ಅರಳುಗಳ ಸಿದ್ಧತೆ ಒಂದು ಕಡೆಗಾದರೆ ಮಕ್ಕಳ ಜೋಕಾಲಿ ಇನ್ನೊಂದು ಕಡೆಗೆ. ಕೊಬ್ಬರಿ ಬಟ್ಟಲಲ್ಲಿ ಹಾಲು ಹಿಡಿದು, ಮನೆಯ ಒಬ್ಬೊಬ್ಬರ ಹೆಸರು ಹೇಳಿ, ಅವರವರ ಪಾಲಿನ ಹಾಲನ್ನು ನಾಗಪ್ಪನಿಗೆ ಎರೆಯುವುದು ಹಿರಿಯರಿಂದ ಬಂದ ಪದ್ಧತಿ. ನಮ್ಮ ಸಾಂಗಲಿ ಜಿಲ್ಲೆಯ ಬತ್ತೀಸ ಶಿರಾಳೆಯಂತೂ ನಾಗಪಂಚಮಿಗಾಗಿಯೇ ದೂರದವರೆಗೆ ಹೆಸರಾದ ಊರು. ಆದರೆ ಹಾಲು ಹಾವಿನ ಆಹಾರವೇ ಅಲ್ಲವೆಂದು ಪ್ರಾಣಿಶಾಸ್ತ್ರ ಬಲ್ಲವರು ಹೇಳುತ್ತಾರೆ. ಎರೆಯುವವರ ಭಕ್ತಿ ನಿಜ. ಆ ಜೀವಕ್ಕೆ ಮಾತ್ರ ಅದು ಒಗ್ಗದು. ಪ್ರೀತಿಯಿಂದ ಕೊಟ್ಟುದೆಲ್ಲ ಪಡೆದವರಿಗೆ ಹಿತವಾಗಲೇಬೇಕೆಂಬ ನಿಯಮವಿಲ್ಲವೆಂಬುದನ್ನು ನಮಗೆ ಕಲಿಸಿದವಳು ನಮ್ಮ ಮನೆಯ ಕೂಸು. ಆ ಅನುಭವವನ್ನು ಈ ತಿಂಗಳು ವಾಚಕ ಸೋದರಿಯರ ಮುಂದೆ ಇಡುತ್ತಿದ್ದೇವೆ.

ನಮ್ಮ ಸೊಸೆ ಮಿರಜದಿಂದ ಸಾಂಗಲಿಗೆ ನೌಕರಿಗೆ ಹೋಗುವವಳು. ಮೊಮ್ಮಗಳಿಗೆ ಹತ್ತು ತಿಂಗಳು ತುಂಬಿದಾಗ ಅವಳ ರಜೆ ಮುಗಿಯಿತು. ಹಗಲಿನಲ್ಲಿ ಕೂಸಿಗೆ ಎಮ್ಮೆಯ ಹಾಲು ಕುಡಿಸತೊಡಗಿದೆವು. ವರ್ಷ ತುಂಬುವ ಮೊದಲು ಎಮ್ಮೆಯ ಅಥವಾ ಆಕಳ ಹಾಲನ್ನು ಮುಖ್ಯ ಆಹಾರವಾಗಿ ಕೊಡಬಾರದೆಂಬುದು ನಮಗೆ ಆಗ ಗೊತ್ತಿರಲಿಲ್ಲ. ಅದು ನಮ್ಮ ಮೊದಲ ತಪ್ಪು. ಕೃಷ್ಣೆಯ ತೀರದ ಈ ಸೀಮೆಯಲ್ಲಿ ಹಾಲಿಗೇನು ಬರವೇ? ಭಿಲವಡಿಯಂಥ ಊರು ಹಾಲಿನ ಉದ್ಯಮದಿಂದಲೇ ಹೆಸರು ಪಡೆದಿದೆ. ಹಾಲಿನಂಥ ಮನಸ್ಸು, ಹಾಲುಂಡ ತವರು ಎಂದು ಒಳ್ಳೆಯದನ್ನೆಲ್ಲ ಹಾಲಿಗೆ ಹೋಲಿಸಿ ಆಡುವ ಜನ ನಾವು. ಅದು ಎಳೆಯ ಕೂಸಿಗೆ ಕೇಡಾದೀತೆಂದು ಯಾರು ನೆನೆದಾರು?

ಮೂರನೆಯ ದಿನಕ್ಕೆ ಮೈಮೇಲೆ ದದ್ದುಗಳೆದ್ದವು. ಹಾಲು ಕುಡಿದ ಸ್ವಲ್ಪ ಹೊತ್ತಿಗೆಲ್ಲ ವಾಂತಿ. ಹಲ್ಲು ಬರುವ ಕಾಲವೆಂದು ಕೆಲವರೆಂದರು, ದೃಷ್ಟಿಯಾಗಿದೆಯೆಂದು ಕೆಲವರೆಂದರು. ದೃಷ್ಟಿ ನಿವಾಳಿಸಿದೆವು, ಹಾಲಿಗೆ ನೀರು ಬೆರೆಸಿ ತೆಳ್ಳಗೆ ಮಾಡಿದೆವು. ಗುಣ ಕಾಣಲಿಲ್ಲ. ಆಗ ಹಾಲು ಹಾಕುವ ಗೌಳಿ ಒಂದು ಉಪಾಯ ಹೇಳಿದ: “ಅವ್ವಾರ, ಆಡಿನ ಹಾಲು ಕುಡಸ್ರಿ. ಕೂಸು ಗುಂಡಕಲ್ಲಿನಂಗ ಆಗ್ತೈತಿ.” ನೆರೆಮನೆಯ ಕಾಕೂ ಅವರೂ ತಲೆಯಾಡಿಸಿ, “ಗಾಂಧೀಜಿಯವರೇ ಆಡಿನ ಹಾಲು ಕುಡೀತಿದ್ರಲ್ರೀ” ಎಂದರು.

ಗಾಂಧೀಜಿಯವರ ಮಾತು ನಿಜವೇ, ಆದರೆ ಅದರ ಕಾರಣ ಬೇರೆ. ಅವರು 1912ರಲ್ಲಿ ದಕ್ಷಿಣ ಆಫ್ರಿಕದಲ್ಲಿ ಹಾಲು ಬಿಡುವ ವ್ರತ ತೊಟ್ಟರು. 1918ರಲ್ಲಿ ಕಾಯಿಲೆ ಬಿದ್ದು ಬಹಳ ಕೃಶರಾದಾಗಲೂ ವ್ರತ ಮುರಿಯಲೊಪ್ಪಲಿಲ್ಲ. ವ್ರತ ತೊಡುವಾಗ ಮನಸ್ಸಿನಲ್ಲಿದ್ದುದು ಆಕಳು, ಎಮ್ಮೆಗಳ ಹಾಲು ಮಾತ್ರವಾದುದರಿಂದ ಆಡಿನ ಹಾಲು ಸ್ವೀಕರಿಸಬಹುದೆಂದು ಕಸ್ತೂರಬಾ ಅವರು ಸೂಚಿಸಿದರು. ಅವರಿಗೆ ಹಾಲು ಒಗ್ಗದೆ ಇರಲಿಲ್ಲ; ಅದು ಪ್ರತಿಜ್ಞೆಯ ಪ್ರಶ್ನೆಯಾಗಿತ್ತು. ನಾವು ಇದನ್ನೆಲ್ಲ ವಿಚಾರಿಸದೆ ಆಡಿನ ಹಾಲು ತರಿಸಿದೆವು.

ಆ ರಾತ್ರಿಯನ್ನು ನೆನೆದರೆ ಈಗಲೂ ಎದೆ ನಡುಗುತ್ತದೆ. ಕೂಸಿನ ತುಟಿ, ಕಣ್ಣಿನ ರೆಪ್ಪೆಗಳು ಬಾತುಕೊಂಡವು. ಉಸಿರಿನಲ್ಲಿ ಗೊರಗೊರ ಸದ್ದು ಕೇಳತೊಡಗಿತು. ರಿಕ್ಷಾದಲ್ಲಿ ಆಸ್ಪತ್ರೆಗೆ ಧಾವಿಸಿದೆವು. ಕೂಸನ್ನು ಎದೆಗವಚಿಕೊಂಡಿದ್ದ ಸೊಸೆ ಒಂದೇ ಮಾತು ಆಡಿದಳು: “ಅತ್ತೀ, ಇನ್ನ ಮ್ಯಾಲ ಯಾರ ಹೇಳಿದ್ರೂ ಏನೂ ಕೊಡಬ್ಯಾಡ್ರಿ.” ಆ ಮಾತಿನಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ನಮ್ಮ ಮನಸ್ಸಿಗೆ ಅಷ್ಟು ಭಾರವಾಗುತ್ತಿರಲಿಲ್ಲ. ಸಕಾಲಕ್ಕೆ ಚುಚ್ಚುಮದ್ದು ದೊರೆತು ಬೆಳಗಿನ ಹೊತ್ತಿಗೆ ಕೂಸು ಕಣ್ಣು ಬಿಟ್ಟು ನಕ್ಕಿತು. 1894ರಲ್ಲಿ ಡಾ. ವಾನ್‌ಲೆಸ್ ಅವರು ಆಸ್ಪತ್ರೆಯನ್ನು ಸ್ಥಾಪಿಸಿದಂದಿನಿಂದ ಮಿರಜ ವೈದ್ಯಕೀಯಕ್ಕೆ ಹೆಸರಾದ ಊರು. ಅಥಣಿ, ರಾಯಬಾಗ, ಚಿಕ್ಕೋಡಿ, ವಿಜಯಪುರಗಳಿಂದ ಜನ ರೈಲು ಬಸ್ಸು ಹಿಡಿದು ಇಲ್ಲಿಗೆ ಬರುತ್ತಾರೆ. ಇಂಥ ಊರಿನಲ್ಲಿದ್ದೂ ನಾವು ಮೊದಲು ಸಲಹೆ ಕೇಳಿದ್ದು ಗೌಳಿಯನ್ನು!

ಮರುದಿನ ಮಕ್ಕಳ ವೈದ್ಯರು ನಮ್ಮನ್ನು ಕೂಡಿಸಿಕೊಂಡು ತಿಳಿಸಿ ಹೇಳಿದರು. ‘ಹಾಲು ಒಗ್ಗುವುದಿಲ್ಲ’ ಎಂಬ ಒಂದೇ ಮಾತಿನಲ್ಲಿ ಎರಡು ಬೇರೆ ಬೇರೆ ತೊಂದರೆಗಳು ಅಡಗಿರುತ್ತವೆ. ಮೊದಲನೆಯದು ಹಾಲಿನಲ್ಲಿರುವ ಸಕ್ಕರೆಯಾದ ಲ್ಯಾಕ್ಟೋಸ್ ಜೀರ್ಣವಾಗದಿರುವುದು. ಅದನ್ನು ಕರಗಿಸುವ ರಸ ಕರುಳಿನಲ್ಲಿ ಸಾಲದಾದಾಗ ಹೊಟ್ಟೆಯುಬ್ಬರ, ನುಲಿತ, ನೀರಾದ ಭೇದಿ ಆಗುತ್ತವೆ. ಎಳೆಯ ಮಕ್ಕಳಲ್ಲಿ ಇದು ಬಹುತೇಕ ವಾಂತಿಭೇದಿಯ ಬೇನೆಯಿಂದ ಕರುಳು ನೊಂದಾಗ ತಲೆದೋರಿ, ಕೆಲವು ವಾರಗಳಲ್ಲಿ ತಾನೇ ಸರಿಹೋಗುತ್ತದೆ. ಇಂಥವರಿಗೆ ಮೊಸರು ಅನೇಕ ಸಲ ಒಗ್ಗುತ್ತದೆ. ಎರಡನೆಯದು ಹಾಲಿನ ಪ್ರೋಟೀನಿನ ಅಲರ್ಜಿ. ಇಲ್ಲಿ ದೇಹ ಹಾಲಿನ ಪ್ರೋಟೀನನ್ನೇ ವೈರಿಯೆಂದು ಭಾವಿಸಿ ಅದರ ಮೇಲೆ ಏರಿಹೋಗುತ್ತದೆ. ದದ್ದು, ವಾಂತಿ, ಮಲದಲ್ಲಿ ರಕ್ತ, ಬಾವು, ಉಸಿರಾಟದ ತೊಂದರೆ ಇದರ ಲಕ್ಷಣಗಳು. ನೀರು ಬೆರೆಸಿದರೆ, ಕಾಯಿಸಿದರೆ, ಹೆಪ್ಪು ಹಾಕಿದರೆ ಇದು ತೊಲಗದು. ಆಡಿನ ಹಾಲಿನ ಪ್ರೋಟೀನು ಆಕಳ ಹಾಲಿನದನ್ನು ಬಹಳ ಹೋಲುವುದರಿಂದ ಒಂದು ಒಗ್ಗದ ಮಗುವಿಗೆ ಹೆಚ್ಚಾಗಿ ಮತ್ತೊಂದೂ ಒಗ್ಗುವುದಿಲ್ಲ. ಎಮ್ಮೆಯ ಹಾಲಿನದೂ ಅದೇ ಕಥೆ. ನಮ್ಮ ಮೊಮ್ಮಗಳದು ಈ ಎರಡನೆಯ ಬಗೆ.

ಹಾಗಾದರೆ ಕೂಸಿಗೆ ಏನು ಕೊಡುವುದು? ತಾಯಿಯ ಹಾಲನ್ನು ಬಿಡಿಸಬೇಡಿರೆಂದು ವೈದ್ಯರು ಒತ್ತಿ ಹೇಳಿದರು. ಸೊಸೆ ತಾನೂ ಹಾಲು, ಮೊಸರುಗಳನ್ನು ಬಿಟ್ಟಳು. ಹಗಲಿಗೆ, ಹಾಲಿನ ಪ್ರೋಟೀನನ್ನು ಸಣ್ಣ ಸಣ್ಣ ತುಣುಕುಗಳಾಗಿ ಒಡೆದು ತಯಾರಿಸಿದ ವಿಶೇಷ ಪುಡಿಯನ್ನು ಬರೆದುಕೊಟ್ಟರು. ಅದರ ಬೆಲೆ ನಮ್ಮಂಥವರಿಗೆ ಬಹಳ. ತಿಂಗಳ ಕಿರಾಣಿ ಖರ್ಚಿನಲ್ಲಿ ಹಿಡಿತ ಮಾಡಿ ವರ್ಷ ತುಂಬುವವರೆಗೆ ಸಾಗಿಸಿದೆವು.

ಆನಂತರ ನಾವು ಎರಡನೆಯ ಸಲ ಎಡವಿದೆವು. ಸಾಂಗಲಿಯ ಅಂಗಡಿಯೊಂದರಲ್ಲಿ ಬಾದಾಮಿಯ ಪೇಯದ ಪೆಟ್ಟಿಗೆಗಳನ್ನು ಕಂಡು, ಬಾದಾಮಿ ಪುಷ್ಟಿಕರವಲ್ಲವೇ ಎಂದು ತಂದು ಕುಡಿಸಿದೆವು. ಕೂಸು ಆಸೆಯಿಂದ ಕುಡಿಯಿತು. ಆದರೆ ಎರಡು ತಿಂಗಳು ತೂಕ ಏರಲಿಲ್ಲ. ಪೆಟ್ಟಿಗೆಯ ಮೇಲಿನ ಸಣ್ಣಕ್ಷರ ಓದಿದಾಗ ನೂರು ಮಿಲಿಲೀಟರಿಗೆ ಪ್ರೋಟೀನು ಅರ್ಧ ಗ್ರಾಮಿನ ಆಸುಪಾಸು ಮಾತ್ರವಿತ್ತು. ಆಕಳ ಹಾಲಿನಲ್ಲಿ ಅದು ಮೂರು ಗ್ರಾಮಿಗಿಂತ ಹೆಚ್ಚು. ಬೆಳ್ಳಗಿರುವುದೆಲ್ಲ ಹಾಲಲ್ಲವೆಂಬ ಗಾದೆ ಸುಳ್ಳಾಗಲಿಲ್ಲ. ಭಾರತದ ಆಹಾರ ಸುರಕ್ಷತಾ ಪ್ರಾಧಿಕಾರವೂ ಇಂಥ ಸಸ್ಯಜನ್ಯ ಪೇಯಗಳನ್ನು ‘ಹಾಲು’ ಎಂಬ ಹೆಸರಿನಿಂದ ಮಾರಬಾರದೆಂದು 2021ರಲ್ಲಿ ಕಟ್ಟುನಿಟ್ಟಾಗಿ ತಿಳಿಸಿತು. ಅಕ್ಕಿಯ ಪೇಯದಲ್ಲಿಯೂ ಪ್ರೋಟೀನು ಬಹಳ ಕಡಿಮೆ. ಅದರಲ್ಲಿರಬಹುದಾದ ಆರ್ಸೆನಿಕ್ಕಿನ ಕಾರಣದಿಂದ ಐದು ವರ್ಷದೊಳಗಿನವರಿಗೆ ಅದು ಬೇಡವೆಂದು ಬ್ರಿಟನ್ನಿನ ರಾಷ್ಟ್ರೀಯ ಆರೋಗ್ಯ ಸೇವೆ ಹೇಳುತ್ತದೆ. ಇವುಗಳಲ್ಲಿ ಸೋಯಾ ಪೇಯದ ಪ್ರೋಟೀನು ಮಾತ್ರ ಹಾಲಿನದರ ಹತ್ತಿರ ಬರುತ್ತದೆ. ಆದರೆ ಹಾಲು ಒಗ್ಗದ ಮಕ್ಕಳಲ್ಲಿ ಕೆಲವರಿಗೆ ಸೋಯಾ ಕೂಡ ಒಗ್ಗುವುದಿಲ್ಲ. ಮೈಸೂರಿನ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾಲಯ ಹಿಂದೆ ಶೇಂಗಾ ಪ್ರೋಟೀನಿನಿಂದ ‘ಮಿಲ್ಟೋನ್’ ಎಂಬ ಪೇಯ ರೂಪಿಸಿತ್ತು. ಅದು ಹಾಲಿಗೆ ಶೇಂಗಾ ಬೆರೆಸಿ ಹಾಲಿನ ಕೊರತೆ ನೀಗಿಸುವ ಉಪಾಯ. ನಮ್ಮ ಕೂಸಿನಂಥವರಿಗಾಗಿ ಮಾಡಿದ್ದಲ್ಲ.

ವೈದ್ಯರು ಆಗ ಹೇಳಿದ ಮಾತು ನಮ್ಮ ಕಣ್ಣು ತೆರೆಸಿತು: “ಹಾಲಿನ ಬದಲು ಇನ್ನೊಂದು ಬಿಳಿ ನೀರು ಹುಡುಕಬೇಡಿ. ಹಾಲಿನಿಂದ ಸಿಗುತ್ತಿದ್ದುದನ್ನು ತಾಟಿನಲ್ಲಿ ಹುಡುಕಿ.” ಒಂದರಿಂದ ಮೂರು ವರ್ಷದ ಮಗುವಿಗೆ ದಿನಕ್ಕೆ 500 ಮಿಲಿಗ್ರಾಂ ಸುಣ್ಣದಂಶ ಬೇಕೆಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ 2020ರಲ್ಲಿ ಗೊತ್ತುಮಾಡಿದೆ. ನೂರು ಗ್ರಾಂ ಆಕಳ ಹಾಲಿನಲ್ಲಿ ಸುಮಾರು 120 ಮಿಲಿಗ್ರಾಂ ಇದ್ದರೆ ಅಷ್ಟೇ ತೂಕದ ರಾಗಿಯಲ್ಲಿ 360ರಷ್ಟಿದೆ. ಜೋಳದ ಸೀಮೆಯವರಾದ ನಮ್ಮ ಅಡಿಗೆಮನೆಯಲ್ಲಿ ರಾಗಿಗೆ ಜಾಗವೇ ಇರಲಿಲ್ಲ. ಇಲ್ಲಿಯ ಪೇಟೆಯಲ್ಲಿ ನಾಚಣಿಯೆಂದು ಕೇಳಿದರೆ ಬೇಕಾದಷ್ಟು ದೊರೆಯುತ್ತದೆ. ಒಂದು ರಾತ್ರಿ ನೆನೆಸಿ, ಬಟ್ಟೆಯಲ್ಲಿ ಕಟ್ಟಿ ಮೊಳಕೆ ಬರಿಸಿ, ಒಣಗಿಸಿ, ಹದವಾಗಿ ಹುರಿದು, ಬೀಸಿ, ವಸ್ತ್ರಗಾಲಿಸಿ ಇಟ್ಟುಕೊಂಡೆವು. ಮೊಳಕೆ ಬರಿಸಿದರೆ ಅದರ ಸತ್ವ ಮೈಗೆ ಚೆನ್ನಾಗಿ ಹತ್ತುತ್ತದೆ. ಅದರ ಅಂಬಲಿ, ತೊಗರಿ ಮತ್ತು ಹೆಸರುಬೇಳೆಯ ಕಟ್ಟು, ನುಗ್ಗೆಸೊಪ್ಪು, ಎಣ್ಣೆ ಹಾಕಿ ಕಲಸಿದ ಮೆತ್ತನೆಯ ಅನ್ನ ಇವು ಕೂಸಿನ ಆಹಾರವಾದವು. ಎಳ್ಳು, ಶೇಂಗಾಗಳೂ ಕೆಲವರಿಗೆ ಅಲರ್ಜಿ ತರುವುದರಿಂದ ಅವನ್ನು ವೈದ್ಯರನ್ನು ಕೇಳಿ, ಒಂದೊಂದಾಗಿ, ಚಿಟಿಕೆಯಷ್ಟರಿಂದ ಆರಂಭಿಸಿದೆವು. ಸಸ್ಯಾಹಾರಿ ಮನೆತನದವರು ಇನ್ನೊಂದನ್ನು ಮರೆಯಬಾರದು. ಬಿ12 ಎಂಬ ಜೀವಸತ್ವ ನಮಗೆ ಮುಖ್ಯವಾಗಿ ದೊರೆಯುವುದು ಹಾಲು, ಮೊಸರುಗಳಿಂದಲೇ. ಹಾಲು ಬಿಟ್ಟ ಮಗುವಿಗೂ, ಎದೆಹಾಲೂಡುವ ತಾಯಿಗೂ ಅದನ್ನು ಔಷಧಿಯ ರೂಪದಲ್ಲಿ ಕೊಡಬೇಕಾಗುತ್ತದೆ. ಡಿ ಜೀವಸತ್ವದ ಹನಿಗಳನ್ನೂ ವೈದ್ಯರು ಬರೆದುಕೊಟ್ಟರು. ಮುಂದಿನ ತಿಂಗಳಿನಿಂದ ತೂಕದ ಗೆರೆ ಮೇಲೇರಿತು.

ಆಹಾರ ಹೊಂದಿಸುವುದಕ್ಕಿಂತ ಕಷ್ಟವಾದದ್ದು ಬಂಧುಗಳನ್ನು ಒಪ್ಪಿಸುವುದು. ತುಪ್ಪದಲ್ಲೇನಿದೆ, ಪೇಢೆಯ ಚೂರಿನಿಂದ ಏನಾದೀತು, ಪಂಚಾಮೃತ ಬೇಡವೆನ್ನಬಹುದೇ ಎಂದು ಎಷ್ಟೋ ಜನ ನೊಂದುಕೊಂಡರು. ಬಿಸ್ಕೀಟು, ಬ್ರೆಡ್ಡುಗಳಲ್ಲಿಯೂ ಹಾಲಿನ ಪುಡಿ ಇರುತ್ತದೆ. ಪೊಟ್ಟಣದ ಮೇಲೆ ಹಾಲಿನಂಶವನ್ನು ನಮೂದಿಸುವುದು ಕಡ್ಡಾಯವಿರುವುದರಿಂದ ಓದಿ ನೋಡಿಯೇ ಕೊಳ್ಳುವ ರೂಢಿ ಮಾಡಿಕೊಂಡೆವು. ಅಂದು ರಿಕ್ಷಾದಲ್ಲಿ ಸೊಸೆ ಆಡಿದ ಮಾತನ್ನು ಈಗ ಮನೆಗೆ ಬಂದವರಿಗೆಲ್ಲ ಮೊದಲು ಹೇಳುವವರು ನಾವೇ.

ಈ ತೊಂದರೆ ಬಹುಪಾಲು ಮಕ್ಕಳಲ್ಲಿ ಮೂರರಿಂದ ಐದು ವರ್ಷದೊಳಗೆ ಕಳೆಯುತ್ತದೆಯಂತೆ. ಆದರೆ ಕಳೆಯಿತೋ ಇಲ್ಲವೋ ಎಂಬುದನ್ನು ಮನೆಯಲ್ಲಿ ಪರೀಕ್ಷಿಸಬಾರದು; ವೈದ್ಯರ ಕಣ್ಣೆದುರಿಗೇ ಆಗಬೇಕು. ಮೊಮ್ಮಗಳಿಗೆ ಮೂರು ತುಂಬಿದ ಮೇಲೆ ಆಸ್ಪತ್ರೆಯಲ್ಲಿ ಕೂಡಿಸಿಕೊಂಡು ಹಾಲು ಬೆರೆಸಿ ಬೇಯಿಸಿದ ಕೇಕಿನ ಚೂರು ತಿನ್ನಿಸಿ ನೋಡಿದರು. ಬಾಧೆಯಾಗಲಿಲ್ಲ. ಬರಿಯ ಹಾಲಿಗೆ ಇನ್ನೂ ಕಾಯಬೇಕೆಂದಿದ್ದಾರೆ. ಕಾಯುತ್ತೇವೆ.

ಕಳೆದ ಪಂಚಮಿಗೆ ಎಲ್ಲರ ಪಾಲಿನ ಹಾಲೂ ಎರೆದಾಯಿತು. ಕೊಬ್ಬರಿ ಬಟ್ಟಲು ಹಿಡಿದು ನಿಂತಿದ್ದ ಕೂಸು “ನನ್ನ ಪಾಲು?” ಎಂದು ಕೇಳಿತು. ಅವಳ ಬಟ್ಟಲಿಗೆ ಬೆಲ್ಲ ಹಾಕಿದ ನಾಚಣಿಯ ಅಂಬಲಿ ಹೊಯ್ದೆವು. ನಾಗಪ್ಪನಿಗೆ ಒಂದು ಹನಿ ತೋರಿಸಿ, ಉಳಿದುದನ್ನು ತಾನೇ ಕುಡಿದಳು.