ಎಳೆಯುವ ಕೊಂಡಿ, ಹೊರುವ ಕೊಂಡಿ

ಅಮೆರಿಕ ಸಂಯುಕ್ತ ಸಂಸ್ಥಾನಗಳ ಹೆದ್ದಾರಿಗಳಲ್ಲಿ ಬೇಸಗೆಯ ಶನಿವಾರ ಬೆಳಗ್ಗೆ ಒಂದು ನೋಟ ಬಹು ಸಾಮಾನ್ಯವಾದುದು. ಊರ ಹೊರಗಿನ ಕಾಡುದಾರಿಗೋ ಸರೋವರದ ದಂಡೆಗೋ ಹೊರಟ ಕಾರುಗಳ ಬೆನ್ನಿಗೆ ಎರಡು ಮೂರು ಬೈಸಿಕಲ್ಲುಗಳು ಅಂಟಿಕೊಂಡಿರುತ್ತವೆ. ಅವು ನಿಂತಿರುವುದು ಹಿಂದಿನ ಬಂಪರಿನ ಅಡಿಯಲ್ಲಿ ಬಿಗಿದಿರುವ ಒಂದು ಉಕ್ಕಿನ ಕೊಂಡಿಯ ಆಧಾರದ ಮೇಲೆ. ಅಲ್ಲಿನವರು ಇದನ್ನು ಹಿಚ್ ಎನ್ನುತ್ತಾರೆ. ಸಣ್ಣ ದೋಣಿ, ಸಾಮಾನಿನ ಬಂಡಿ ಮೊದಲಾದುವನ್ನು ಕಾರಿನ ಹಿಂದೆ ಕಟ್ಟಿ ಎಳೆದೊಯ್ಯುವುದಕ್ಕಾಗಿ ಈ ಕೊಂಡಿ ಹುಟ್ಟಿತು. ಈಗಲಾದರೋ ಏನನ್ನೂ ಎಳೆಯುವ ಉದ್ದೇಶವಿಲ್ಲದೆ, ಕೇವಲ ಬೈಸಿಕಲ್ಲುಗಳನ್ನು ಹೊರಿಸುವುದಕ್ಕಾಗಿಯೇ ಅದನ್ನು ಹಾಕಿಸಿಕೊಳ್ಳುವವರು ಅನೇಕರಿದ್ದಾರೆ.

ಪೆಟ್ರೋಲು ಉಳಿಸಬೇಕೆಂದು ಹೈಬ್ರಿಡ್ ಕಾರನ್ನು ಕೊಂಡ ಗೃಹಸ್ಥನಿಗೆ ಇಲ್ಲಿ ಒಂದು ಸಂಕಟ ಎದುರಾಗುತ್ತದೆ. ಕಾರಿನ ಕೈಪಿಡಿಯನ್ನು ತೆರೆದರೆ, ಇದರ ಹಿಂದೆ ಬಂಡಿ ಕಟ್ಟಿ ಎಳೆಯಬಾರದು ಎಂದಿರುತ್ತದೆ. ಟೊಯೋಟಾ ಸಂಸ್ಥೆಯ ಪ್ರಿಯಸ್ ಕಾರಿಗೆ ಅಮೆರಿಕದಲ್ಲಿ ಕೊಟ್ಟ ಕೈಪಿಡಿಗಳಲ್ಲಿ ಇನ್ನೊಂದು ಹೆಜ್ಜೆ ಮುಂದೆ ಹೋಗಿ, ಹಿಚ್ಚಿನ ಮೇಲೆ ಬೈಸಿಕಲ್ ಕ್ಯಾರಿಯರನ್ನು ಕೂರಿಸುವುದೂ ತಕ್ಕುದಲ್ಲವೆಂದು ಹೇಳಿದ್ದಿದೆ. ಆದರೆ ಅದೇ ಕಾರಿಗೆಂದೇ ಅಳತೆಗೆ ಸರಿಯಾಗಿ ಮಾಡಿದ ಹಿಚ್ಚುಗಳು ಬೇರೆ ತಯಾರಕರಿಂದ ಧಾರಾಳವಾಗಿ ಮಾರಾಟಕ್ಕೆ ಬರುತ್ತವೆ. ಕಾರು ಮಾಡಿದವರು ಬೇಡವೆನ್ನುತ್ತಾರೆ. ಕೊಂಡಿ ಮಾಡಿದವರು ಆಗಬಹುದೆನ್ನುತ್ತಾರೆ. ನಡುವೆ ನಿಂತವನು ಯಾರ ಮಾತನ್ನು ನಂಬಬೇಕು? ಅಲ್ಲಿ ನೆಲಸಿರುವ ನಮ್ಮ ಕನ್ನಡಿಗರಿಗೂ ಬರುವ ಪ್ರಶ್ನೆಯಿದು. ಪ್ರಶ್ನೆ ದೂರದೇಶದ್ದಾದರೂ ಅದನ್ನು ಬಿಡಿಸುವ ಸಲಕರಣೆಗಳು ನಮ್ಮ ಹೈಸ್ಕೂಲಿನ ಭೌತವಿಜ್ಞಾನದಲ್ಲಿಯೇ ಇವೆ. ಆದುದರಿಂದ ವಿದ್ಯಾರ್ಥಿ ಮಿತ್ರರೊಡನೆ ಇದನ್ನು ವಿಚಾರಮಾಡಬೇಕೆನಿಸಿತು.

ಮೊದಲು ಎಳೆಯುವ ವಿಷಯವನ್ನು ನೋಡೋಣ. ಪ್ರಿಯಸ್ ೧೯೯೭ರಲ್ಲಿ ಜಪಾನಿನಲ್ಲಿ ಹೊರಬಂದಾಗ ನಾಲ್ಕು ಬಾಗಿಲಿನ ಸೆಡಾನ್ ಆಗಿತ್ತು. ಹಿಂಬಾಗಿಲಿನ ಈಗಿನ ಆಕಾರ ಅದಕ್ಕೆ ಬಂದುದು ಬಳಿಕ. ಇಂತಹ ಕಾರಿನಲ್ಲಿ ಒಂದು ಪೆಟ್ರೋಲ್ ಎಂಜಿನು, ಅದರ ಜೊತೆಗೆ ವಿದ್ಯುತ್ ಮೋಟಾರುಗಳು ಇರುತ್ತವೆ. ಬ್ರೇಕು ಒತ್ತಿದಾಗ ಕಾರಿನ ಚಲನಶಕ್ತಿಯ ಒಂದು ಭಾಗ ಬಿಸಿಯಾಗಿ ಹಾಳಾಗದೆ ವಿದ್ಯುತ್ತಾಗಿ ಬ್ಯಾಟರಿಯನ್ನು ಸೇರುತ್ತದೆ. ಮತ್ತೆ ವೇಗ ಏರಿಸುವಾಗ ಅದೇ ಶಕ್ತಿ ನೆರವಿಗೆ ಬರುತ್ತದೆ. ಈ ಏರ್ಪಾಟು ಪಟ್ಟಣದ ನಿಂತು ಹೊರಡುವ ಸಂಚಾರಕ್ಕೆ ಬಹಳ ಅನುಕೂಲ. ಆದರೆ ಐನೂರು ಕಿಲೋಗ್ರಾಂ ಬಂಡಿಯನ್ನು ಕಟ್ಟಿಕೊಂಡು ಉದ್ದವಾದ ಘಟ್ಟವನ್ನು ಏರಬೇಕಾದರೆ ಸಂಗತಿ ಬೇರೆ. ಬ್ಯಾಟರಿಯಲ್ಲಿ ಕೂಡಿಟ್ಟದ್ದು ಬೇಗನೆ ತೀರುತ್ತದೆ. ಮೋಟಾರುಗಳೂ ಅವುಗಳಿಗೆ ವಿದ್ಯುತ್ತನ್ನು ಹದಮಾಡಿ ಕೊಡುವ ಉಪಕರಣವೂ ಎಡೆಬಿಡದೆ ದುಡಿದು ಕಾಯುತ್ತವೆ. ಇಳಿಯುವಾಗ ಬ್ರೇಕುಗಳ ಮೇಲೆ ಹೊರೆ ಹೆಚ್ಚುತ್ತದೆ. ಎಳೆಯಬೇಡಿರೆಂಬ ಸಲಹೆಗೆ ಹೀಗೆ ತಕ್ಕ ಕಾರಣಗಳುಂಟು. ನಾವು ಅದನ್ನು ಒಪ್ಪುತ್ತೇವೆ.

ಹೊರುವುದು ಬೇರೆ ಕೆಲಸ. ಸಾಧಾರಣವಾದ ಎರಡು ಬೈಸಿಕಲ್ಲುಗಳು ಒಂದೊಂದು ೧೫ ಕಿಲೋಗ್ರಾಂ, ಅವು ನಿಲ್ಲುವ ಕ್ಯಾರಿಯರು ೨೦ ಕಿಲೋಗ್ರಾಂ ಎಂದಿಟ್ಟುಕೊಂಡರೆ ಒಟ್ಟು ೫೦ ಕಿಲೋಗ್ರಾಂ. ಇದು ಬೆಳೆದ ಒಬ್ಬ ಮನುಷ್ಯನ ತೂಕಕ್ಕಿಂತಲೂ ಕಡಮೆ. ಘಟ್ಟ ಹತ್ತುವ ಮೋಟಾರಿಗೆ ತಾನು ಒಯ್ಯುತ್ತಿರುವುದು ಅತಿಥಿಯನ್ನೋ ಬೈಸಿಕಲ್ಲನ್ನೋ ತಿಳಿಯದು. ಅಂದಮೇಲೆ ಎಂಜಿನಿನ ಶಕ್ತಿ, ಮೋಟಾರಿನ ಕಾವು ಎಂಬ ಹಿಂದಿನ ಕಾರಣಗಳು ಇಲ್ಲಿಗೆ ಅನ್ವಯಿಸುವುದಿಲ್ಲ. ಇಲ್ಲಿ ಲೆಕ್ಕಕ್ಕೆ ಬರುವುದು ಭಾರ ಎಷ್ಟು ಎಂಬುದಕ್ಕಿಂತ ಅದು ಎಲ್ಲಿ ಕುಳಿತಿದೆ ಎಂಬುದು.

ನಮ್ಮ ಹಳ್ಳಿಯ ಗಾಡಿ ಹೊಡೆಯುವವನಿಗೆ ಈ ಮರ್ಮ ಚೆನ್ನಾಗಿ ಗೊತ್ತು. ಹೇರು ಅಚ್ಚಿನಿಂದ ಹಿಂದಕ್ಕೆ ಸರಿದರೆ ಗಾಡಿ ಹಿಂಭಾರವಾಗುತ್ತದೆ, ಮೂಕಿ ಮೇಲೇಳುತ್ತದೆ, ನೊಗ ಎತ್ತುಗಳ ಹೆಗಲನ್ನು ಬಿಟ್ಟು ಎದ್ದು ಕೊರಳ ಹಗ್ಗ ಬಿಗಿಯುತ್ತದೆ. ಕಾರಿನಲ್ಲಿಯೂ ಆಗುವುದು ಇದೇ ಸನ್ನೆಕೋಲಿನ ಆಟ. ಸೆಡಾನಿನ ಮುಂದಿನ ಮತ್ತು ಹಿಂದಿನ ಅಚ್ಚುಗಳ ನಡುವಣ ದೂರ ಸುಮಾರು ೨.೮ ಮೀಟರು. ಹಿಂದಿನ ಅಚ್ಚಿನಿಂದ ಹಿಚ್ಚಿನ ಬಾಯಿಗೆ ೧.೧ ಮೀಟರು, ಅಲ್ಲಿಂದ ಬೈಸಿಕಲ್ಲುಗಳ ಭಾರಕೇಂದ್ರಕ್ಕೆ ಇನ್ನು ಅರ್ಧ ಮೀಟರು ಎಂದಿಟ್ಟುಕೊಳ್ಳೋಣ. ೫೦ ಕಿಲೋಗ್ರಾಮನ್ನು ೧.೬ ಮೀಟರಿನಿಂದ ಗುಣಿಸಿದರೆ ೮೦, ಅದನ್ನು ೨.೮ರಿಂದ ಭಾಗಿಸಿದರೆ ಸುಮಾರು ೨೯. ಎಂದರೆ ಮುಂದಿನ ಗಾಲಿಗಳ ಮೇಲಣ ಭಾರ ೨೯ ಕಿಲೋಗ್ರಾಂ ಇಳಿಯುತ್ತದೆ. ಹಿಂದಿನ ಗಾಲಿಗಳ ಮೇಲೆ ೫೦ ಅಲ್ಲ, ೭೯ ಕಿಲೋಗ್ರಾಂ ಏರುತ್ತದೆ. ಮುಂದಿನ ಗಾಲಿಗಳು ಸುಮಾರು ೯೦೦ ಕಿಲೋಗ್ರಾಂ ಹೊರುವ ಕಾರಿನಲ್ಲಿ ಇದರಿಂದ ಭಯಪಡಬೇಕಾದುದೇನೂ ಇಲ್ಲ.

ಆದರೆ ಬ್ಯಾಟರಿ ಕೂಡಿಸಿದ ತಲಾ ೨೫ ಕಿಲೋಗ್ರಾಮಿನ ನಾಲ್ಕು ಬೈಸಿಕಲ್ಲುಗಳನ್ನು ೩೦ ಕಿಲೋಗ್ರಾಮಿನ ಕ್ಯಾರಿಯರಿನ ಮೇಲೆ ಸಾಲಾಗಿ ನಿಲ್ಲಿಸಿದಿರೆನ್ನಿ. ಭಾರಕೇಂದ್ರ ಹಿಂದಿನ ಅಚ್ಚಿನಿಂದ ೧.೮ ಮೀಟರಿಗೆ ಸರಿಯುತ್ತದೆ. ಆಗ ಮುಂದಿನ ಗಾಲಿಗಳಿಂದ ೮೪ ಕಿಲೋಗ್ರಾಂ ಮೇಲೇಳುತ್ತದೆ. ಹಿಂದಿನವಕ್ಕೆ ೨೧೪ ಕಿಲೋಗ್ರಾಂ ಕೂಡುತ್ತದೆ. ತಿರುಗಿಸುವ ಕೆಲಸವನ್ನೂ ಬ್ರೇಕಿನ ಕೆಲಸದ ಬಹುಪಾಲನ್ನೂ ಮುಂದಿನ ಗಾಲಿಗಳೇ ಮಾಡುವ ಕಾರಿನಲ್ಲಿ ಇದು ಕಡೆಗಣಿಸುವ ಮಾತಲ್ಲ.

ಎರಡನೆಯ ಲೆಕ್ಕ ಇನ್ನೂ ಸುಲಭವಾದುದು, ಆದರೆ ಹೆಚ್ಚು ಜನ ಮರೆಯುವುದು ಇದನ್ನೇ. ಅಮೆರಿಕದಲ್ಲಿ ಮಾರುವ ಕಾರುಗಳಲ್ಲಿ ಚಾಲಕನ ಬಾಗಿಲಿನ ಬಳಿ ಅಂಟಿಸಿದ ಪಟ್ಟಿಯಲ್ಲಿ, ಜನ ಮತ್ತು ಸಾಮಾನು ಸೇರಿ ಎಷ್ಟು ಭಾರ ಮೀರಬಾರದೆಂಬುದನ್ನು ಬರೆದಿರುತ್ತಾರೆ. ಅದು ೩೮೫ ಕಿಲೋಗ್ರಾಂ ಎಂದಿರಲಿ. ತಲಾ ೭೫ ಕಿಲೋಗ್ರಾಮಿನ ನಾಲ್ವರು ಕುಳಿತರೆ ೩೦೦ ಆಯಿತು. ಹಿಚ್ಚೇ ೧೫, ಕ್ಯಾರಿಯರು ೨೦, ಎರಡು ಬೈಸಿಕಲ್ಲು ೩೦. ಒಟ್ಟು ೩೬೫. ಬುತ್ತಿಗೂ ಬಟ್ಟೆಗೂ ಉಳಿದದ್ದು ೨೦ ಕಿಲೋಗ್ರಾಂ. ಐದನೆಯವನು ಹತ್ತಿದರೆ ೫೫ ಕಿಲೋಗ್ರಾಂ ಹೆಚ್ಚಾಗಿಹೋಗುತ್ತದೆ. ಇಲ್ಲಿ ಸೋತದ್ದು ಕೊಂಡಿಯಲ್ಲ. ಟಯರು ಮತ್ತು ಸ್ಪ್ರಿಂಗುಗಳು. ಕೊಂಡಿ ಎಷ್ಟು ಗಟ್ಟಿಯೆಂದು ಮಾತ್ರ ವಿಚಾರಿಸುವವನು ಈ ಪಟ್ಟಿಯತ್ತ ನೋಡುವುದೇ ಇಲ್ಲ.

ಮೂರನೆಯದು ಕೊಂಡಿಯದೇ ಲೆಕ್ಕ. ಸಣ್ಣ ಕಾರುಗಳಿಗೆ ಹಾಕುವ ಒಂದನೆಯ ದರ್ಜೆಯ ಹಿಚ್ಚಿನಲ್ಲಿ ಸುಮಾರು ೩೨ ಮಿಲಿಮೀಟರಿನ ಚೌಕ ಕೊಳವೆ ಇರುತ್ತದೆ. ಎಳೆಯುವ ಬಂಡಿಯ ಮೂಗು ಅದರ ಮೇಲೆ ಕೆಳಮುಖವಾಗಿ ಹೇರಬಹುದಾದ ಭಾರಕ್ಕೆ ೨೦೦ ಪೌಂಡು, ಎಂದರೆ ೯೧ ಕಿಲೋಗ್ರಾಂ ಮಿತಿ. ಇದನ್ನು ಓದಿದವನು, ೫೦ ಕಿಲೋಗ್ರಾಂ ಅದರ ಅರ್ಧಕ್ಕಿಂತ ಚೂರು ಹೆಚ್ಚಷ್ಟೆ ಎಂದು ಸಮಾಧಾನಪಡಬಹುದು. ಅದು ತಪ್ಪು. ಬಂಡಿಯ ಮೂಗು ಕೂರುವ ಗುಂಡು ಕೊಳವೆಯ ಬಾಯಿಂದ ೨೦ ಸೆಂಟಿಮೀಟರ್ ದೂರದಲ್ಲಿದೆಯೆಂದುಕೊಂಡರೆ, ೯೧ನ್ನು ೦.೨ರಿಂದ ಗುಣಿಸಿ ೧೮ ಬರುತ್ತದೆ. ಬೈಸಿಕಲ್ಲುಗಳ ೫೦ನ್ನು ಅರ್ಧ ಮೀಟರಿನಿಂದ ಗುಣಿಸಿದರೆ ೨೫. ಭಾರ ಕಡಮೆಯಾದರೂ ಕೊಂಡಿಯನ್ನು ತಿರುಚುವ ಬಲ ಹೆಚ್ಚೇ ಆಯಿತು. ಸನ್ನೆಯ ತೋಳು ಉದ್ದವಾದುದರ ಫಲವಿದು.

ಇಷ್ಟಕ್ಕೆ ಮುಗಿಯಲಿಲ್ಲ. ನಮ್ಮ ಲೆಕ್ಕ ನಿಂತ ಕಾರಿನದು. ಓಡುವ ಕಾರು ಹಳ್ಳಕ್ಕಿಳಿದು ಎದ್ದಾಗಲೆಲ್ಲ ಈ ಬಲ ಕ್ಷಣಕಾಲ ಮಡಿಮಡಿಯಾಗುತ್ತದೆ. ತಂತಿಯೊಂದನ್ನು ಒಂದು ಸಲ ಬಗ್ಗಿಸಿದರೆ ಮುರಿಯದು. ಹಿಂದಕ್ಕೂ ಮುಂದಕ್ಕೂ ಹತ್ತಾರು ಸಲ ಬಗ್ಗಿಸಿದರೆ ಕೈಯಲ್ಲಿಯೇ ತುಂಡಾಗುತ್ತದೆ. ಲೋಹದ ಈ ದಣಿವನ್ನು ಕ್ರಮವಾಗಿ ಪರೀಕ್ಷಿಸಿದವನು ಜರ್ಮನಿಯ ಆಗಸ್ಟ್ ವ್ಯೋಲರ್. ರೈಲುಗಾಡಿಯ ಅಚ್ಚುಗಳು ತಮ್ಮ ಶಕ್ತಿಗಿಂತ ಕಡಮೆ ಹೊರೆಯಲ್ಲಿಯೇ ಏಕೆ ಮುರಿಯುತ್ತವೆಂಬುದನ್ನು ಅವನು ೧೮೫೦ ಮತ್ತು ೧೮೬೦ರ ದಶಕಗಳಲ್ಲಿ ಶೋಧಿಸಿದನು. ಒಂದು ದೊಡ್ಡ ಪೆಟ್ಟಿಗೆ ಬಗ್ಗದ ಉಕ್ಕು ಲಕ್ಷಾಂತರ ಸಣ್ಣ ಪೆಟ್ಟುಗಳಿಗೆ ಸೋಲಬಹುದು. ಹಿಚ್ಚನ್ನು ಬಿಗಿಯುವುದು ಕಾರಿನ ಮೈಯ ತೆಳ್ಳಗಿನ ತಗಡಿನಿಂದಾದ ತೊಲೆಗಳಿಗೆ. ಆ ತಗಡು, ಆ ಬೆಸುಗೆ ಎಷ್ಟು ವರ್ಷ ತಡೆಯುತ್ತವೆಂಬುದನ್ನು ಕಾಗದದ ಮೇಲಣ ನಮ್ಮ ಗುಣಾಕಾರ ಹೇಳಲಾರದು. ಅದನ್ನು ಬಲ್ಲವರು ಕಾರನ್ನು ಮಾಡಿ, ಪರೀಕ್ಷಿಸಿದವರು ಮಾತ್ರ.

ಇದು ಕಾರಿನ ಒಡೆಯನೊಬ್ಬನ ನಷ್ಟದ ಮಾತೂ ಅಲ್ಲ. ಗಂಟೆಗೆ ೧೧೦ ಕಿಲೋಮೀಟರ್ ವೇಗದ ಹೆದ್ದಾರಿಯಲ್ಲಿ ಬೈಸಿಕಲ್ಲೊಂದು ಕಳಚಿ ಬಿದ್ದು ನಿಂತರೆ, ಹಿಂದಿನಿಂದ ಬರುವ ಕಾರು ಅದನ್ನು ಅದೇ ವೇಗದಿಂದ ಹೊಡೆಯುತ್ತದೆ. ಸುಮಾರು ೪೭ ಮೀಟರು ಎತ್ತರದಿಂದ ಕೆಳಗೆ ಬಿದ್ದ ವಸ್ತುವಿನ ವೇಗವದು. ಹಿಂದಿನ ಕಾರಿನಲ್ಲಿರುವವರು ಯಾವ ಕೈಪಿಡಿಯನ್ನೂ ಉಲ್ಲಂಘಿಸಿದವರಲ್ಲ.

ಹೀಗಿರುವಾಗ ಕಾರು ತಯಾರಕರ ‘ಬೇಡ’ ಎಂಬ ಒಂದೇ ಮಾತು ಸಾಕೆ? ಸಾಲದೆಂದು ನಾವು ಹೇಳುತ್ತೇವೆ. ೨೦೧೫ರ ಕೊನೆಯಲ್ಲಿ ಹೊರಬಂದ ನಾಲ್ಕನೆಯ ತಲೆಮಾರಿನ ಪ್ರಿಯಸ್ಸಿಗೆ ಯುರೋಪಿನಲ್ಲಿ, ಸ್ವಂತ ಬ್ರೇಕುಳ್ಳ ೭೨೫ ಕಿಲೋಗ್ರಾಂ ಬಂಡಿಯನ್ನು ಎಳೆಯಲು ಅನುಮತಿ ಕೊಡಲಾಗಿತ್ತು. ಅಮೆರಿಕದಲ್ಲಿ ಎಳೆಯುವುದೇ ತಕ್ಕುದಲ್ಲವೆಂದರು. ಅಟ್ಲಾಂಟಿಕ್ ಸಾಗರವನ್ನು ದಾಟಿದ ಮಾತ್ರಕ್ಕೆ ಉಕ್ಕು ಮೆತ್ತಗಾಗುವುದಿಲ್ಲ. ವ್ಯತ್ಯಾಸಕ್ಕೆ ಕಾರಣಗಳಿರಬಹುದು: ಜರ್ಮನಿಯಲ್ಲಿ ಬಂಡಿ ಕಟ್ಟಿದ ಕಾರಿಗೆ ಸಾಮಾನ್ಯವಾಗಿ ಗಂಟೆಗೆ ೮೦ ಕಿಲೋಮೀಟರಿನ ಮಿತಿಯುಂಟು, ಅಮೆರಿಕದ ಪದ್ಧತಿಯಲ್ಲಿ ಬಂಡಿಯ ತೂಕದ ಹತ್ತರಿಂದ ಹದಿನೈದು ಭಾಗ ಶೇಕಡಾವಾರಾಗಿ ಕೊಂಡಿಯ ಮೇಲೆ ಬೀಳಬೇಕೆನ್ನುತ್ತಾರೆ, ಯುರೋಪಿನಲ್ಲಿ ಅದಕ್ಕಿಂತ ಕಡಮೆ. ಆದರೆ ಕಾರಣವನ್ನು ಹೇಳದೆ ನಿಷೇಧವನ್ನು ಮಾತ್ರ ಮುದ್ರಿಸಿದರೆ ಓದುವವನು ಅದನ್ನು ವಕೀಲರ ಎಚ್ಚರಿಕೆಯೆಂದು ತಳ್ಳಿಹಾಕುತ್ತಾನೆ. ಎರಡು ಬೈಸಿಕಲ್ಲನ್ನು ಹೇರುವವನಿಗೂ ನಾಲ್ಕನ್ನು ಹೇರುವವನಿಗೂ ಒಂದೇ ಉತ್ತರ ದೊರೆತರೆ, ಇಬ್ಬರೂ ಅದನ್ನು ಸಮವಾಗಿ ಅಲಕ್ಷಿಸುತ್ತಾರೆ.

ಹೊರುವ ಭಾರಕ್ಕೆ ಅಂಕಿ ಕೊಟ್ಟರೆ ಜನ ಅದೇ ಧೈರ್ಯದಿಂದ ಬಂಡಿಯನ್ನೂ ಕಟ್ಟುತ್ತಾರೆಂದು ತಯಾರಕರು ಅಂಜಬಹುದು. ಈ ಅಂಜಿಕೆ ನಿರಾಧಾರವಲ್ಲ. ಆದರೆ ಕಾರಿನ ಚಾವಣಿಯ ಮೇಲೆ ಎಷ್ಟು ಭಾರ ಹೇರಬಹುದೆಂಬುದನ್ನು ಎಷ್ಟೋ ಕೈಪಿಡಿಗಳು ಮುದ್ರಿಸುತ್ತವೆ. ಚಾವಣಿಗೆ ಸಾಧ್ಯವಾದುದು ಬೆನ್ನಿಗೆ ಏಕೆ ಅಸಾಧ್ಯ? ಬಂಪರಿನಿಂದ ಇಷ್ಟು ದೂರದಲ್ಲಿ ಇಷ್ಟು ಕಿಲೋಗ್ರಾಂ, ಎಳೆಯಲು ಸೊನ್ನೆ. ಎರಡೇ ಸಾಲು ಸಾಕು. ಅಂಕಿ ಕೊಡಲಾಗದಷ್ಟು ದುರ್ಬಲವಾಗಿದ್ದರೆ ಹಾಗೆಂದು ಕಾರಣಸಹಿತವಾಗಿ ಹೇಳಲಿ, ಅದೂ ಉಪಕಾರವೇ.

ಆ ಸಾಲುಗಳು ಮುದ್ರಿತವಾಗುವವರೆಗೆ ಬಳಸುವವನ ಕರ್ತವ್ಯವೂ ಒಂದುಂಟು. ಕೈಪಿಡಿ ಕ್ಯಾರಿಯರನ್ನೂ ಬೇಡವೆಂದಿದ್ದರೆ ಹಿಚ್ಚನ್ನು ಹಾಕಿಸಕೂಡದು. ೧೯೭೫ರ ಅಮೆರಿಕದ ಕಾಯಿದೆಯೊಂದರ ಮೇರೆಗೆ, ಹೊರಗಿನ ಬಿಡಿಭಾಗವನ್ನು ಹಾಕಿಸಿದ ಮಾತ್ರಕ್ಕೆ ಕಾರಿನ ವಾರಂಟಿಯೆಲ್ಲ ರದ್ದಾಗುವುದಿಲ್ಲ; ಆ ಭಾಗದಿಂದಲೇ ಕೇಡಾಯಿತೆಂದು ತೋರಿಸಬೇಕು. ಆದರೆ ಕಾಯಿದೆ ದುರಸ್ತಿಯ ಹಣವನ್ನು ಉಳಿಸೀತೇ ಹೊರತು ಬೆಸುಗೆಗೆ ಬಲ ಕೊಡಲಾರದು. ಮುಂದಿನ ಗಾಲಿಯನ್ನು ಬಿಚ್ಚಿ, ಹಿಂದಿನ ಆಸನವನ್ನು ಮಡಿಸಿದರೆ ಅನೇಕ ಸೆಡಾನುಗಳಲ್ಲಿ ಒಂದು ಬೈಸಿಕಲ್ಲು ಒಳಗೇ ಹಿಡಿಯುತ್ತದೆ. ಕೈಪಿಡಿ ಅನುಮತಿಸಿದಲ್ಲಿ ಎರಡಕ್ಕೆ ನಿಲ್ಲಿಸಬೇಕು. ಬಾಗಿಲಿನ ಪಟ್ಟಿಯ ಲೆಕ್ಕ ಮಾಡಬೇಕು. ನಂಬರಿನ ಫಲಕವೂ ದೀಪಗಳೂ ಕಾಣುವಂತಿರಬೇಕು. ಕಿತ್ತಳೆ ಬಣ್ಣದ ತಂತಿಗಳ ಹತ್ತಿರ ಕೊರೆಯುವ ಯಂತ್ರವನ್ನು ಒಯ್ಯಲೇಕೂಡದು. ಹೈಬ್ರಿಡ್ ಕಾರಿನಲ್ಲಿ ಆ ಬಣ್ಣ ಪ್ರಾಣಾಪಾಯಕರವಾದ ವೋಲ್ಟೇಜಿನ ಗುರುತು. ೨೦೦೩ರಲ್ಲಿ ಹೊರಬಂದ ಎರಡನೆಯ ತಲೆಮಾರಿನ ಪ್ರಿಯಸ್ಸಿನ ಬ್ಯಾಟರಿಯೇ ೨೦೧.೬ ವೋಲ್ಟಿನದು.

ಆಗದೆಂದವನನ್ನು ಏಕೆ ಎಂದು ಕೇಳುವುದು ವಿಜ್ಞಾನದ ವಿದ್ಯಾರ್ಥಿಯ ಹಕ್ಕು. ಆಗುತ್ತದೆಂದವನನ್ನು ಎಷ್ಟು, ಎಲ್ಲಿ, ಎಷ್ಟು ಕಾಲ ಎಂದು ಕೇಳುವುದು ಅವನ ಕರ್ತವ್ಯ. ಈ ಎರಡನೆಯ ಪ್ರಶ್ನೆಯನ್ನು ಅಂಗಡಿಯಲ್ಲಿ ಕೊಂಡಿಯನ್ನು ಬಿಗಿಯುವ ಮೊದಲೇ ಕೇಳಬೇಕು. ಹೆದ್ದಾರಿಯನ್ನು ಸೇರಿದ ಮೇಲೆ ಅದಕ್ಕೆ ಉತ್ತರ ಕೊಡಬೇಕಾಗುವವರು ಹಿಂದಿನ ಕಾರಿನವರು.